ಮಾವಯ್ಯ ಕಾಶಿಯಲ್ಲಿ ಬಿಟ್ಟು ಬಂದದ್ದು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಹಾಗಲಕಾಯಿ ಹುರಿಯುತ್ತಿದ್ದರು. ತೆಂಗಿನೆಣ್ಣೆಗೆ ಹಾಗಲಕಾಯಿ ಬಿದ್ದಾಗ ಏಳುವ ಆ ಕಹಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೋ, ಮೂಗು ಮುಚ್ಚಿಕೊಳ್ಳಬೇಕು ಅನಿಸುತ್ತದೋ ಗೊತ್ತಿಲ್ಲ. ನನಗೆ ನಗು ಬಂತು. ಒಬ್ಬಳೇ ಕೂತು ನಗುವ ಮುದುಕಿಯನ್ನು ಕಂಡರೆ ಮನೆಯ ಮಕ್ಕಳು ಏನೆಂದುಕೊಂಡಾರು ಎಂದು ಓದುತ್ತಿದ್ದ ಪೇಪರನ್ನೇ ಮುಖಕ್ಕೆ ಅಡ್ಡ ಹಿಡಿದೆ. ಆದರೂ ನಗು ನಿಲ್ಲಲಿಲ್ಲ. ನನ್ನ ಮಾವಯ್ಯ, ಅಂದರೆ ನನ್ನ ಗಂಡನ ಅಪ್ಪ, ನೆನಪಾಗಿದ್ದರು...

ನಾನು ಬಸ್ರೂರಿನಿಂದ ಸಾಲಿಗ್ರಾಮದ ಆ ಮನೆಗೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಯುದ್ಧ ಎಲ್ಲೋ ನಡೆಯುತ್ತಿತ್ತು, ನಮಗೆ ಕಂಡದ್ದು ಅದರ ಬಾಲ ಮಾತ್ರ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಪೆಟ್ರೋಲ್ ಇಲ್ಲದ ಬಸ್ಸು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಏರು ಬಂದಲ್ಲೆಲ್ಲ ನಮ್ಮನ್ನು ಇಳಿಸಿ ಹೋಗುತ್ತಿತ್ತು. ನನ್ನ ಯಜಮಾನರು ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ಊರಿಗೆ ಬರುವುದು ವರ್ಷಕ್ಕೊಮ್ಮೆ. ಹಾಗಾಗಿ ಮನೆಯಲ್ಲಿ ನಾವು ನಾಲ್ಕೇ ಜನ. ಮಾವಯ್ಯ, ಅತ್ತೆ, ನಾನು, ಮತ್ತೆ ಮಾವಯ್ಯನ ಅಕ್ಕ. ಅವರನ್ನು ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಚಿಕ್ಕ ವಯಸ್ಸಿಗೇ ಗಂಡ ಹೋಗಿದ್ದರಿಂದ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅಡುಗೆಮನೆಯ ಮೂಲೆಯಲ್ಲಿ ಅವರಿಗೆ ಬೇರೆಯೇ ಒಂದು ಸಣ್ಣ ಎಲೆ.

ಮಾವಯ್ಯನಿಗೆ ಸ್ವಲ್ಪ ಗದ್ದೆ ಇತ್ತು. ಪಾಳಿ ಬಂದಾಗ ದೇವಸ್ಥಾನದ ಪರಿಚಾರಕರ ಕೆಲಸವೂ ಇತ್ತು. ಆದರೆ ಕುಂದಾಪುರದಿಂದ ಬ್ರಹ್ಮಾವರದ ತನಕ ಅವರ ಹೆಸರು ಹಬ್ಬಿದ್ದು ಗದ್ದೆಯಿಂದಲೂ ಅಲ್ಲ, ದೇವರಿಂದಲೂ ಅಲ್ಲ, ಹೋಳಿಗೆಯಿಂದ. ಅವರು ಪಂಕ್ತಿಯಲ್ಲಿ ಕೂತರೆಂದರೆ ಬಡಿಸುವವರು ಸೊಂಟಕ್ಕೆ ಬೈರಾಸು ಬಿಗಿದು ಕಟ್ಟಿಕೊಳ್ಳುತ್ತಿದ್ದರಂತೆ. ನಮ್ಮ ಕಡೆ ಊಟಕ್ಕಿಂತ ಉಪಚಾರ ದೊಡ್ಡದು. ಬೇಡ ಅಂದವನ ಎಲೆಗೆ ಇನ್ನೂ ಎರಡು ಬೀಳದಿದ್ದರೆ ಆ ಮನೆಯವರಿಗೆ ಮರ್ಯಾದೆ ಇಲ್ಲ.

“ಹ್ವಾಯ್, ಎಂತ ಮಾರಾಯ್ರೆ, ಇಷ್ಟಕ್ಕೇ ಕೈ ಎತ್ತಿದ್ರ್ಯಾ? ನಮ್ಮನಿ ಹೋಳ್ಗಿ ಲಾಯ್ಕ್ ಆಯ್ಲಿಲ್ಯಾ?” ಎಂದು ಯಜಮಾನ ಎದುರಿಗೆ ಬಂದು ಬಗ್ಗಿದರೆ ಎಂಥ ಗಟ್ಟಿಗನೂ ಕರಗಬೇಕು. ಮಾವಯ್ಯನಂತೂ ಗಟ್ಟಿಗರೇ ಅಲ್ಲ. ಅವರು ಮೊದಲೇ ಕರಗಿ ಕೂತಿರುತ್ತಿದ್ದರು.

ದೇಶದಲ್ಲೇ ಸಕ್ಕರೆ ಸಿಗದ ಆ ದಿನಗಳಲ್ಲಿ ನಮ್ಮ ಕೊಟ್ಟಿಗೆಯ ಹಿಂದಿನ ಬಾಳೆಬುಡಕ್ಕೆ ಇರುವೆ ಸಾಲು ಹಿಡಿಯಿತು. ಮೊದಲು ಕಂಡದ್ದು ದೊಡ್ಡಮ್ಮ. ಹೊಸ ಸೊಸೆ ರೇಷನ್ ಸಕ್ಕರೆ ಕದ್ದು ತಿಂದು ಅಲ್ಲಿ ಚೆಲ್ಲಿದ್ದಾಳೆ ಎಂಬ ಗುಮಾನಿ ಅವರಿಗೆ. “ಹೆಣೆ, ತಿಂಬುದಾರೆ ಒಳ್ಗೇ ಕೂಕಂಡ್ ತಿನ್. ಹಿತ್ಲಿಗ್ ಎಂತಕೆ ಹೊತ್ಕಂಡ್ ಹೋತೆ?” ಎಂದು ಕೇಳಿಯೇ ಬಿಟ್ಟರು. ನಾನು ಅತ್ತುಬಿಟ್ಟೆ. ಅತ್ತೆ ನನ್ನ ಪರವಾಗಿ ವಾದ ಮಾಡಿದರು. ಅಷ್ಟರಲ್ಲಿ ಮಾವಯ್ಯ ಆ ಬಾಳೆಬುಡದಲ್ಲೇ ಮೂತ್ರಕ್ಕೆ ಕೂತು ಎದ್ದು ಬಂದರು. ದೊಡ್ಡಮ್ಮ ಅವರನ್ನು ನೋಡಿದರು, ಇರುವೆಯನ್ನು ನೋಡಿದರು, ಮತ್ತೆ ಅತ್ತೆಯ ಮುಖ ನೋಡಿದರು. ಮಾವಯ್ಯನ ಅಪ್ಪನೂ ಇದೇ ಸಿಹಿಮೂತ್ರದಿಂದ, ಕಾಲಿನ ಗಾಯ ಮಾಯದೆ ತೀರಿಕೊಂಡವರು ಎಂದು ನನಗೆ ಗೊತ್ತಾದದ್ದು ಆ ದಿನ.

ಮಾಬುಕಳದ ಹೊಳೆಯ ಕಡವನ್ನು ದೋಣಿಯಲ್ಲಿ ದಾಟಿ ಬ್ರಹ್ಮಾವರದ ಪಂಡಿತರ ಹತ್ತಿರ ಹೋದರು. ಜೊತೆಗೆ ಅತ್ತೆಯೂ ಹೋದರು, ಇಲ್ಲದಿದ್ದರೆ ಪಂಡಿತರು ಹೇಳಿದ್ದರಲ್ಲಿ ಅರ್ಧ ಕಡವಿನಲ್ಲೇ ಮುಳುಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಪಂಡಿತರು ನಾಡಿ ಹಿಡಿದು, ನಾಲಿಗೆ ನೋಡಿ, “ನೀವ್ ಇಷ್ಟರೊಳ್ಗ್ ತಿಂದದ್ದೇ ಏಳ್ ಜನ್ಮಕ್ ಸಾಕ್” ಅಂದರಂತೆ. ಸೀ, ಅಂದರೆ ಸಿಹಿ, ಮುಟ್ಟಬಾರದು, ದಿನಾ ಹಾಗಲಕಾಯಿ ತಿನ್ನಬೇಕು, ಬೆಳಿಗ್ಗೆ ಎದ್ದು ನಡೆಯಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಆಗದಿದ್ದರೆ ಅಪ್ಪನ ದಾರಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅನ್ನುತ್ತಾರಲ್ಲ, ನಮ್ಮ ಮಾವಯ್ಯನಿಗೆ ಆ ಯೋಗ ಇರಲಿಲ್ಲ.

ಮಾವಯ್ಯನಿಗೆ ಮನಸ್ಸು ಇರಲಿಲ್ಲ ಅಂತ ಹೇಳಲಾರೆ. ಮರುದಿನವೇ ನಡೆಯಲು ಹೊರಟರು. ಆದರೆ ನಮ್ಮೂರಿನಲ್ಲಿ ಆಗ ಯಾರೂ ಕೆಲಸವಿಲ್ಲದೆ ನಡೆಯುತ್ತಿರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಒಬ್ಬ ಮನುಷ್ಯ ಕಡಲಿನ ಕಡೆ ಬಿರಬಿರನೆ ಹೋದರೆ ಅದಕ್ಕೆ ಒಂದೇ ಅರ್ಥ.

“ಎಂತ ಹ್ವಾಯ್, ಹೊಟ್ಟಿ ಸಮ ಇಲ್ಯಾ?” ಎಂದು ಬೇಲಿಯ ಆಚೆಯಿಂದ ಕೇಳುತ್ತಿದ್ದರು. ಅದು ತಪ್ಪಲಿ ಎಂದು ಮಾವಯ್ಯ ರಸ್ತೆ ಬಿಟ್ಟು ಮನೆಗಳ ಅಂಗಳ ಹಾದು ನಡೆಯತೊಡಗಿದರು. ಅಂಗಳಕ್ಕೆ ಬಂದವರನ್ನು ಸುಮ್ಮನೆ ಕಳಿಸುವ ಊರೇ ಅದು? ಕೂರಲು ಚಾಪೆ, ಕಾಲಿಗೆ ನೀರು, ಬಾಯಿಗೆ ಬೆಲ್ಲ ಮತ್ತು ಒಂದು ತಂಬಿಗೆ ತಣ್ಣೀರು. ಬೆಲ್ಲ ಮುಟ್ಟದೆ ಎದ್ದರೆ ಆ ಮನೆಗೆ ಅವಮಾನ. ಹೀಗೆ ಮಾವಯ್ಯ ಸಕ್ಕರೆ ಇಳಿಸಲು ಹೋಗಿ ದಿನಾ ಊರಿನ ಬೆಲ್ಲವನ್ನೆಲ್ಲ ಇಳಿಸಿಕೊಂಡು ಬರುತ್ತಿದ್ದರು. ನಡೆದದ್ದಕ್ಕೆ ಮೈ ಹಗುರಾಗಿದೆ ಎಂದು ಬೇರೆ ಹೇಳುತ್ತಿದ್ದರು.

ಹಾಗಲಕಾಯಿಯ ಕಥೆ ಇನ್ನೂ ಚೆಂದ. ಅತ್ತೆ ಅದನ್ನು ಹುರಿದರು, ಬೇಯಿಸಿದರು, ಚಟ್ನಿ ಮಾಡಿದರು, ರಸ ಹಿಂಡಿದರು. ಮಾವಯ್ಯ ಪ್ರತಿ ಹೋಳನ್ನೂ ಮಗುವಿನ ಹಾಗೆ ಎಲೆಯ ಅಂಚಿಗೆ ದಾಟಿಸಿ ಅನ್ನದಲ್ಲಿ ಮುಚ್ಚಿಡುತ್ತಿದ್ದರು. ಒಂದು ದಿನ ಯಾರೂ ನೋಡುತ್ತಿಲ್ಲ ಎಂದುಕೊಂಡು ಅಷ್ಟನ್ನೂ ಅಂಗೈಯಲ್ಲಿ ಹಿಡಿದು ಕೊಟ್ಟಿಗೆಗೆ ಹೋಗಿ ಕರುವಿನ ಬಾಯಿಗೆ ಒಡ್ಡಿದರು. ಕರು ಮೂಸಿ ನೋಡಿ ಮುಖ ತಿರುಗಿಸಿತು. “ಕಂಡ್ಯಾ? ದನಕ್ ಬ್ಯಾಡ್ದ್ ನಂಗ್ ಎಂತಕೆ?” ಎಂದು ಬಾಗಿಲಲ್ಲಿ ನಿಂತಿದ್ದ ನನಗೇ ನ್ಯಾಯ ಕೇಳಿದರು.

ನಾವೆಲ್ಲ ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ.

ಅತ್ತೆಯ ಕೂದಲು ನಾನು ಮತ್ತೆಲ್ಲೂ ಕಾಣದಂಥದ್ದು. ಎಣ್ಣೆ ಹಚ್ಚಿ ಮಿಂದ ದಿನ ಹಿತ್ತಿಲ ಬಿಸಿಲಿಗೆ ಬೆನ್ನು ಕೊಟ್ಟು ಕೂತರೆ ಕೂದಲು ನೆಲಕ್ಕೆ ಹರಿಯುತ್ತಿತ್ತು. ಬಾಚುವುದು ನನ್ನ ಕೆಲಸ. ಒಂದು ದಿನ ಹಾಗೆ ಬಾಚುತ್ತಿದ್ದೆ. ಹಿತ್ತಿಲ ಆ ತುದಿಯಲ್ಲಿ, ಬಾವಿಯ ಮರೆಯಲ್ಲಿ, ದೊಡ್ಡಮ್ಮನ ತಲೆ ಬೋಳಿಸಲು ಕ್ಷೌರಿಕ ಬಂದಿದ್ದ. ಕತ್ತಿಯ ಸದ್ದು ಕೇಳುತ್ತಿತ್ತು. ದೊಡ್ಡಮ್ಮ ಕಣ್ಣು ಮುಚ್ಚಿ ಕೂತಿದ್ದರು. ಅತ್ತೆ ಆ ಕಡೆ ತಿರುಗಲೇ ಇಲ್ಲ.

“ಹೆಣೆ, ಎಲೆ ಎದ್ರ್ ಕೂಕಂಡ್ರೆ ಅವ್ರಿಗ್ ಹೋಳ್ಗಿ ಕಾಂತ್. ನಂಗೆ ಆ ಕತ್ತಿ ಕಾಂತ್,” ಅಂದರು.

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಮಾವಯ್ಯ ಹೋದರೆ ಆ ಕತ್ತಿ ಬರುವುದು ಈ ಕೂದಲಿಗೆ. ಆ ಕಾಲದಲ್ಲಿ ಅದನ್ನು ತಡೆಯಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿಯ ತನಕ ಮಾವಯ್ಯನ ನಾಲಿಗೆ ನನಗೆ ಬರೀ ತಮಾಷೆಯಾಗಿತ್ತು. ಅವತ್ತು ಮೊದಲ ಬಾರಿಗೆ ಸಿಟ್ಟು ಬಂತು.

ಕಾಶಿಯ ಯೋಚನೆ ಅತ್ತೆಯದೇ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ವಸ್ತುವನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಬದುಕಿರುವ ತನಕ ಅದನ್ನು ಬಾಯಿಗಿಡಬಾರದು. ಹೆಚ್ಚಿನವರು ಜಾಣತನದಿಂದ ಬದನೆಕಾಯಿಯನ್ನೋ, ತಿಂದು ಗೊತ್ತೇ ಇಲ್ಲದ ಸೇಬನ್ನೋ ಬಿಟ್ಟು ಬರುತ್ತಿದ್ದರು, ಆ ಮಾತು ಬೇರೆ. ಆದರೆ ಕಾಶಿಯಲ್ಲಿ ಬಿಟ್ಟದ್ದು ಅಂದರೆ ಮುಗಿಯಿತು. ಯಾವ ಯಜಮಾನನೂ ಒತ್ತಾಯ ಮಾಡುವಂತಿಲ್ಲ. ಮಾವಯ್ಯ ಸೀ ಬಿಟ್ಟು ಬಂದರೆ ಊರಿಗೆ ಊರೇ ಅವರ ಎಲೆಯನ್ನು ಕಾಯುತ್ತದೆ ಎಂಬುದು ಅತ್ತೆಯ ಲೆಕ್ಕ. ಮಾವಯ್ಯನೂ ಒಪ್ಪಿದರು. ಒಪ್ಪುವಾಗ ಮುಖ ಸಪ್ಪಗಿತ್ತು, ಆದರೆ ಒಪ್ಪಿದರು.

ಯುದ್ಧ ಮುಗಿದು ರೈಲಿನಲ್ಲಿ ಸ್ವಲ್ಪ ಕಾಲಿಡಲು ಜಾಗ ಆದ ಮೇಲೆ ಇಬ್ಬರೂ ಊರಿನ ಇನ್ನಷ್ಟು ಜನರ ಜೊತೆ ಹೊರಟರು. ಹೊರಡುವ ಮುಂಚಿನ ದಿನಗಳಲ್ಲಿ ಮಾವಯ್ಯ ಒಂದೊಂದೇ ಸಿಹಿಯನ್ನು ಕರೆದು ಮಾತಾಡಿಸಿ ಬೀಳ್ಕೊಟ್ಟರು. ಇವತ್ತು ಕಡುಬು, ನಾಳೆ ಹಾಲುಬಾಯಿ, ನಾಡಿದ್ದು ಗೆಣಸಲೆ. “ಇದ್ ಕಡೀದ್, ಇನ್ನ್ ಕಾಂಬುಕಿಲ್ಲೆ” ಎಂದು ಪ್ರತಿ ತುತ್ತಿಗೂ ಹೇಳುತ್ತಿದ್ದರು. ಅತ್ತೆ ಮರುಮಾತಾಡದೆ ಮಾಡಿ ಬಡಿಸಿದರು. ಗಲ್ಲಿಗೇರುವವನಿಗೂ ಕೊನೆಯ ಊಟ ಹಾಕುತ್ತಾರಲ್ಲ.

ಮಳೆ ಹಿಡಿಯುವ ಮೊದಲು ಮರಳಿ ಬಂದರು. ಗಂಗೆಯ ತಂಬಿಗೆ, ಕಾಶಿ ದಾರ, ಇಬ್ಬರ ಮೈಯಲ್ಲೂ ರೈಲಿನ ಮಸಿ. ಏನು ಬಿಟ್ಟಿರಿ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಂಗೆಯ ಪೂಜೆಯಾಗಿ ಸಮಾರಾಧನೆ ಮುಗಿಯುವ ತನಕ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಕಾಶಿಯ ಜನದಟ್ಟಣೆಯಲ್ಲಿ ಗಂಡಸರ ಸಂಕಲ್ಪ ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ ಆಗಿತ್ತಂತೆ. ಹಾಗಾಗಿ ಗಂಡ ಬಿಟ್ಟದ್ದು ಹೆಂಡತಿಗೂ, ಹೆಂಡತಿ ಬಿಟ್ಟದ್ದು ಗಂಡನಿಗೂ ಗೊತ್ತಿರಲಿಲ್ಲ.

ಸಮಾರಾಧನೆಯ ದಿನ ಅಂಗಳ ತುಂಬ ಜನ. ಗಂಡಸರ ಪಂಕ್ತಿಗೆ ಬಡಿಸಲು ನಾನೂ ನಿಂತಿದ್ದೆ. ನನ್ನ ಕೈಯಲ್ಲಿ ಹಾಗಲಕಾಯಿಯ ಮೆಣಸ್ಕಾಯಿ ಎಂಬ ಗೊಜ್ಜು, ನನ್ನ ಹಿಂದೆ ಪಾಯಸದವರು, ಅವರ ಹಿಂದೆ ಹೋಳಿಗೆಯವರು. ಎಲ್ಲರ ಕಣ್ಣೂ ಮಾವಯ್ಯನ ಎಲೆಯ ಮೇಲೆ. ನಾನು ಸೌಟು ಎತ್ತುವುದಕ್ಕೂ ಮಾವಯ್ಯ ಎರಡೂ ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು.

“ಬ್ಯಾಡ ಹೆಣೆ. ಅದನ್ನ್ ಕಾಶಿಯಲ್ಲ್ ಬಿಟ್ಟೆ.”

ನನಗೆ ಅರ್ಥವೇ ಆಗಲಿಲ್ಲ. “ಎಂತ ಬಿಟ್ರಿ ಮಾವಯ್ಯ?” ಅಂದೆ.

“ಹಾಗಲ್ಕಾಯಿ,” ಅಂದರು.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಾಯಲ್ಲಿದ್ದ ಅನ್ನ ನೆತ್ತಿಗೇರಿ ಕೆಮ್ಮಿದವರಿಗೆ ಲೆಕ್ಕವಿಲ್ಲ. ಪಂಡಿತರು ಔಷಧ ಎಂದು ಹೇಳಿದ್ದನ್ನು ಗಂಗೆಯಲ್ಲಿ ಬಿಟ್ಟು, ವಿಷ ಎಂದದ್ದನ್ನು ಹೊತ್ತುಕೊಂಡು ಊರಿಗೆ ಬಂದ ಮನುಷ್ಯ! ಅವರ ಮುಖದಲ್ಲಿ ಮಾತ್ರ ಕಳ್ಳತನ ಇರಲಿಲ್ಲ. “ನಗಾಡ್ಬೇಡಿ. ಸೀ ಅಂತ ಹೇಳುಕೇ ಬಾಯ್ ತೆಗ್ದೆ. ವಿಶ್ವನಾಥನ ಎದ್ರ್ ನಿಂತ್ಕಂಡ್ ಸುಳ್ಳ್ ಹೇಳುಕ್ ಆತ್ತಾ? ಬಿಡುಕ್ ಆಪ್ದನ್ನೇ ಹೇಳ್ದೆ,” ಅಂದರು. ಹಿಂದಿನಿಂದ ಪಾಯಸ ಬಂತು. ಎಲೆಯ ತುಂಬ ಹರಿಯಿತು. ಹೋಳಿಗೆ ಬಂತು. ಯಜಮಾನರೇ ಅವರಾದ್ದರಿಂದ ಉಪಚಾರವನ್ನೂ ತಮಗೆ ತಾವೇ ಮಾಡಿಕೊಂಡರು.

ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅತ್ತೆ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲರೂ ನಗುತ್ತಿದ್ದಾಗ ಅವರ ಕೈ ಮಾತ್ರ ತಲೆಯ ತುರುಬಿಗೆ ಹೋಗಿತ್ತು.

ಗಂಡಸರ ಊಟವಾದ ಮೇಲೆ ಹೆಂಗಸರ ಸರದಿ. ಆಗೆಲ್ಲ ಮುತ್ತೈದೆಯರು ಗಂಡ ಉಂಡ ಎಲೆಯಲ್ಲೇ ಉಣ್ಣಬೇಕು. ನನಗೆ ಆ ಪದ್ಧತಿ ಕಂಡರೆ ಮೈ ಉರಿಯುತ್ತಿತ್ತು. ಆದರೆ ನನ್ನ ಉರಿಯನ್ನು ಕೇಳುವವರು ಯಾರು? ಮಾವಯ್ಯನಲ್ಲಿ ಒಂದು ಒಳ್ಳೆಯ ಗುಣವಿತ್ತು. ಏನೇ ಇಷ್ಟವಾದರೂ ಅದರಲ್ಲಿ ಒಂದು ಪಾಲು ಅತ್ತೆಗೆಂದು ಎಲೆಯ ಮೇಲ್ಬದಿಗೆ ಸರಿಸಿಟ್ಟು ಏಳುತ್ತಿದ್ದರು. ಅವತ್ತೂ ಮುರಿಯದ ಒಂದು ಹೋಳಿಗೆ ಅಲ್ಲಿತ್ತು.

ಅತ್ತೆ ಆ ಎಲೆಯ ಎದುರು ಕೂತರು. ನಾನು ಅನ್ನ ಹಿಡಿದು ಬಗ್ಗಿದೆ. ಅವರು ಹೋಳಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ ಎಲೆಯ ಉದ್ದಕ್ಕೂ ಹರಿದಿದ್ದ ಪಾಯಸವನ್ನು ಬೆರಳಿನಿಂದ ಒತ್ತರಿಸಲು ನೋಡಿದರು. ಅದು ಒತ್ತರಿಸಿ ಮುಗಿಯುವಂತಿರಲಿಲ್ಲ.

“ಎಂತ ಅತ್ತೆ?” ಅಂದೆ.

“ಸೀ ನಾನ್ ಬಿಟ್ಟೆ, ಹೆಣೆ. ಅವ್ರ್ ಹ್ಯಾಂಗೂ ಬಿಡ್ತ್ರಲ್ದಾ, ಅವ್ರ್ ಒಬ್ರೇ ಎಂತಕೆ ಬಾಯ್ ಕಟ್ಕಂಬುದ್ ಅಂದ್ಕಂಡ್ ನಾನೂ ಅದನ್ನೇ ಬಿಟ್ಟೆ,” ಅಂದರು.

ಹೆಂಗಸರ ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಜಗಲಿಯಲ್ಲಿ ಮಾವಯ್ಯ ಎಲೆ ಅಡಿಕೆಯ ಹರಿವಾಣ ಎದುರಿಟ್ಟುಕೊಂಡು ಕೂತಿದ್ದರು. ನಡುವೆ ಇದ್ದದ್ದು ಒಂದು ಬಾಗಿಲು ಮಾತ್ರ. ಅತ್ತೆ ಗಟ್ಟಿಯಾಗಿ ಮಾತಾಡುವವರೇ ಅಲ್ಲ. ಆದರೆ ಆ ಹೊತ್ತಿನಲ್ಲಿ ಮೆತ್ತಗೆ ಹೇಳಿದ್ದೂ ಜಗಲಿಗೆ ಕೇಳಿತು.

“ಸೀ ತಾಗಿದ್ ಎಲೆಯಲ್ಲ್ ನಾನ್ ಉಂಬುಕಾಗ. ಇನ್ನ್ ನಂಗೂ ಬೇರೆ ಎಲೆ ಹಾಕ್. ಮುಂದೆ ಹ್ಯಾಂಗೂ ಬೇರೆ ಎಲೆಯೇ ಅಲ್ದಾ? ಈಗ್ಳಿಂದ್ಲೇ ಅಭ್ಯಾಸ ಆಯ್ಲಿ.”

“ಹಾಂಗೆಲ್ಲ ಬಾಯಲ್ಲ್ ತರ್ಬೇಡ!” ಎಂದು ಮೂಲೆಯ ತಮ್ಮ ಸಣ್ಣ ಎಲೆಯ ಎದುರಿನಿಂದ ದೊಡ್ಡಮ್ಮ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅತ್ತೆ ಎದ್ದು ಕೈ ತೊಳೆದರು. ಊರಿಗೆಲ್ಲ ಉಣ್ಣಿಸಿದ ದಿನ ಅವರು ಉಣ್ಣಲಿಲ್ಲ. ಜಗಲಿಗೆ ಹೋಗಿ ನೋಡಿದೆ. ಮಾವಯ್ಯನ ಕೈಯಲ್ಲಿ ಸುಣ್ಣ ಹಚ್ಚಿದ ವೀಳ್ಯದೆಲೆ ಹಾಗೇ ಇತ್ತು, ಬಾಯಿಗೆ ಹೋಗಿರಲಿಲ್ಲ.

ಮರುದಿನ ಮಧ್ಯಾಹ್ನ ಉಳಿದ ಪಾಯಸ ಬಿಸಿ ಮಾಡಿ ತಂದೆ. ಮಾವಯ್ಯ ಅದೇ ಎರಡು ಅಂಗೈ ಅಡ್ಡ ಹಿಡಿದರು. “ಬ್ಯಾಡ. ಇದ್ ಅವಳ್ ಕೂಕಂಬ ಎಲೆ,” ಅಂದರು. ಅಂದದ್ದು ನನಗೆ, ಕೇಳಬೇಕಾದವರು ಒಳಗಿದ್ದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಲಭದಲ್ಲಿ ಹೋಗಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಪಾಯಸದ ವಾಸನೆ ಬಂದರೆ ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ತೆಂಗಿನಮರದ ತಲೆ ನೋಡುತ್ತಾ ನಿಲ್ಲುತ್ತಿದ್ದರು. ಮೊದಮೊದಲು ಸಿಡುಕು ಬೇರೆ. ಕೊಡೆ ಸಿಕ್ಕದಿದ್ದರೂ ಸಿಟ್ಟು, ಸಿಕ್ಕಿದರೂ ಸಿಟ್ಟು. ಬ್ರಹ್ಮಾವರದ ಒಂದು ಮದುವೆಗೆ ಒಬ್ಬರೇ ಹೋದವರು ಸಂಜೆ ಬರುವಾಗ ತುಂಬ ಮೆತ್ತಗಿದ್ದರು. ಅತ್ತೆ ಏನೂ ಕೇಳದಿದ್ದರೂ ತಾವೇ ಶುರು ಮಾಡಿದರು. “ಆ ಎಲೆಗ್ ನೀನ್ ಕೂಕಂಬುಕ್ ಇರ್ಲಿಲ್ಲ ಅಲ್ದಾ... ಹಾಂಗಾಯಿ ಎರಡ್ ತಿಂದೆ,” ಅಂದರು.

ಎರಡು ಎಂಬುದು ಅವರ ಬಾಯಲ್ಲಿ ಸಂಖ್ಯೆಯಲ್ಲ ಎಂದು ಅತ್ತೆಗೂ ಗೊತ್ತು, ನನಗೂ ಗೊತ್ತು. ಅತ್ತೆ ಬೈಯಲಿಲ್ಲ. ಮರುದಿನ ಮಧ್ಯಾಹ್ನ ಮಾವಯ್ಯನಿಗೆ ಎಲೆ ಹಾಕಿ, ದೊಡ್ಡಮ್ಮನ ಎಲೆಯ ಪಕ್ಕದಲ್ಲಿ ತಮಗೂ ಒಂದು ಸಣ್ಣ ಎಲೆ ಹಾಕಿದರು. ಮಾವಯ್ಯ ಮಣೆಯ ಮೇಲೆ ಕೂತವರು ಅದನ್ನು ಕಂಡರು. ಎದ್ದು ಹೋಗಿ ಆ ಎಲೆಯನ್ನು ಎತ್ತಿ, ಮಡಚಿ, ಕೊಟ್ಟಿಗೆಯ ದನಕ್ಕೆ ಹಾಕಿ ಬಂದರು. “ಇನ್ನಿಲ್ಲೆ,” ಅಂದರು. ಅಲ್ಲಿಂದ ಮುಂದೆ ನಾನು ಕಂಡ ಹಾಗೆ ಅವರು ಸೀ ಮುಟ್ಟಿದ್ದಿಲ್ಲ.

ಆಮೇಲೆ ಊರಿನ ಉಪಚಾರದವರಿಗೆಲ್ಲ ಸೋಲು. ಬೇಡ ಎಂಬ ಮಾತಿಗೆ ನೂರು ಉತ್ತರ ಇತ್ತು, ಇದು ಹೆಂಡತಿ ಕೂರುವ ಎಲೆ ಎಂಬ ಮಾತಿಗೆ ಒಂದೂ ಇರಲಿಲ್ಲ. ಕೆಲವರು ಹೆಂಡತಿಯ ಎಲೆ ಕಾಯುವವ ಎಂದು ಚಾಳಿಸಿದರು. ಮಾವಯ್ಯ ಅವರ ಜೊತೆ ತಾವೂ ನಕ್ಕರು. ಬೈಂದೂರಿನ ಒಂದು ಉಪನಯನದಲ್ಲಿ ಯಜಮಾನ ಹೋಳಿಗೆಯ ಪಾತ್ರೆ ಹಿಡಿದು, “ಎಂತ ಹ್ವಾಯ್, ನಿಮ್ಮನಿಯವ್ರ್ ಇವತ್ತ್ ಬರ್ಲೇ ಇಲ್ಲ ಅಲ್ದಾ? ಎಲೆ ನಿಮ್ದೇ,” ಎಂದು ಪಟ್ಟು ಹಿಡಿದರಂತೆ. ಮಾವಯ್ಯ ಎಲೆಯತ್ತ ಬೆರಳು ತೋರಿಸಿ, “ಅದ್ ನಂಗೊತ್ತಿತ್ತ್, ನಿಮ್ಗೊತ್ತಿತ್ತ್. ಈ ಎಲೆಗ್ ಗೊತ್ತಿತ್ತಾ?” ಅಂದರಂತೆ. ಇದನ್ನು ಬಂದು ಹೇಳುವಾಗ ಅವರಿಗೆ ಪಂದ್ಯ ಗೆದ್ದ ಖುಷಿ.

ಹಾಗಲಕಾಯಿಯನ್ನು ಬಿಟ್ಟ ಸಂಗತಿ ಕೇಳಿ ಪಂಡಿತರು ತಲೆಗೆ ಕೈ ಹೊತ್ತು ಕೂತರು. ಆಮೇಲೆ, “ಮೆಂತೆ ಬಿಡ್ಲಿಲ್ಲ ಅಲ್ದಾ? ಇನ್ನೊಂದ್ ಸಲ ಕಾಶಿಗ್ ಹೋಪುದಾರೆ ನಂಗ್ ಹೇಳಿ ಹೋಯ್ನಿ,” ಎಂದು ಮೆಂತೆ ಮತ್ತು ನೇರಳೆ ಬೀಜದ ಪುಡಿ ಕೊಟ್ಟರು. ಮಾವಯ್ಯ ಬೆಳಿಗ್ಗೆ ಎದ್ದು ಮೆಂತೆಯ ನೀರು ಕುಡಿದು, ಯಾರ ಅಂಗಳವನ್ನೂ ಹಾಯದೆ ಗದ್ದೆಯ ಬದುವಿನ ಮೇಲಿನಿಂದ ನೇರ ಕಡಲಿಗೆ ಹೋಗಿ ಹೊಯ್ಗೆಯಲ್ಲಿ ನಡೆಯತೊಡಗಿದರು. ಅಲ್ಲಿ ಬಲೆ ಎಳೆಯುವವರ ನಡುವೆ ಬೆಲ್ಲ ಕೊಡುವವರು ಯಾರೂ ಇರಲಿಲ್ಲ. “ಅಯ್ಯ ದಿನಾ ಬಂದ್ ದೋಣಿ ಕಂಡ್ಕಂಡ್ ಹೋತ್ರ್. ದೋಣಿ ಗೀಣಿ ತೆಕಂತ್ರಾ ಎಂತ?” ಎಂದು ಮೀನು ಹೊರುವ ಹೆಂಗಸೊಬ್ಬಳು ಕೇಳಿದಳಂತೆ. ಸಂಜೆಯೊಳಗೆ ಅದು ಪೇಟೆಯ ಸುದ್ದಿಯಾಗಿ, ಬೊಂಬಾಯಿಯಿಂದ ನನ್ನ ಯಜಮಾನರು, ಅಪ್ಪ ಈ ವಯಸ್ಸಿಗೆ ಮೀನಿನ ವ್ಯಾಪಾರಕ್ಕೆ ಇಳಿದರೇ ಎಂದು ಕೇಳಿ ಬರೆಯುವ ತನಕ ಹೋಯಿತು. ಅಷ್ಟಾದರೂ ನಡಿಗೆ ನಿಲ್ಲಲಿಲ್ಲ. ಕೊಟ್ಟಿಗೆಯ ಹಿಂದಿನ ಇರುವೆಗಳು ಯಾವಾಗ ಬೇರೆ ಊರು ನೋಡಿಕೊಂಡವೋ ನಾವು ಗಮನಿಸಲೂ ಇಲ್ಲ.

ಇವತ್ತು ಹೆದ್ದಾರಿಯ ಬದಿಯಲ್ಲಿ ಬೂಟು ಹಾಕಿಕೊಂಡು ನಡೆಯುವವರನ್ನು ನೋಡುತ್ತೇನೆ. ಮನಸ್ಸು ಗಟ್ಟಿ ಇದ್ದರೆ ಎಲ್ಲ ಸಾಧ್ಯ ಎಂದು ಅವರು ಹೇಳುವುದನ್ನೂ ಕೇಳುತ್ತೇನೆ. ಇರಬಹುದು. ಮಾವಯ್ಯನ ಮನಸ್ಸು ಬೆಣ್ಣೆಯಷ್ಟೇ ಗಟ್ಟಿ. ಆ ಬೆಣ್ಣೆ ಅಷ್ಟು ವರ್ಷ ಕರಗದೆ ನಿಂತದ್ದು ಒಬ್ಬಳ ತಲೆಗೂದಲಿಗಾಗಿ. ಕೂದಲಿನ ಮಾತನ್ನು ಅವರಿಬ್ಬರೂ ಒಬ್ಬರಿಗೊಬ್ಬರು ಒಂದು ಸಲವೂ ಆಡಿದ್ದನ್ನು ನಾನು ಕೇಳಿಲ್ಲ.

ಕೊನೆಗೆ ಮೊದಲು ಹೋದದ್ದು ಅತ್ತೆ. ಎಷ್ಟೋ ವರ್ಷಗಳ ಮೇಲೆ, ಒಂದು ಮಳೆಗಾಲದ ಜ್ವರದಲ್ಲಿ. ಆಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೆ ಇತ್ತು. ಕಡೆಯ ಸಲ ನಾನೇ ಬಾಚಿ, ತುರುಬು ಕಟ್ಟಿ, ಅಬ್ಬಲಿಗೆ ಮುಡಿಸಿದೆ. ಮಾವಯ್ಯ ಬಾಗಿಲಲ್ಲಿ ನಿಂತು ಅದನ್ನೇ ನೋಡಿದರು. ಅವರು ಗೆದ್ದಿದ್ದರು. ಹಾಗೆ ಗೆದ್ದವರ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ಕಂಡೆ... ಮತ್ತೆ ಕಾಣುವುದು ಬೇಡ.

ಸೂತಕ ಕಳೆದು ಶುಭದ ಊಟದ ದಿನ ಅಂಗಳದಲ್ಲಿ ಪಂಕ್ತಿ ಕೂತಿತು. ಮಾವಯ್ಯನನ್ನು ಅವರ ವಾರಗೆಯ ಮುದುಕರು ನಡುವೆ ಕೂರಿಸಿಕೊಂಡರು. ಹೋಳಿಗೆ ಬಂತು. ಬಡಿಸುವವರು ಅನುಮಾನದಿಂದ ನಿಂತರು. ಪಕ್ಕದ ಮುದುಕರು, ಇಷ್ಟು ವರ್ಷ ಬಾಯಿ ಕಟ್ಟಿದ ಗೆಳೆಯನಿಗೆ ಇನ್ನಾದರೂ ಸಿಕ್ಕಲಿ ಎಂಬ ಪ್ರೀತಿಯಿಂದಲೇ, ಹಾಕು ಎಂದು ಕಣ್ಣು ಸನ್ನೆ ಮಾಡಿದರು. ಹೋಳಿಗೆ ಎಲೆಯ ಹತ್ತಿರ ಬಂದಿತ್ತು. ಬೇರೆಲ್ಲೋ ನೋಡುತ್ತಿದ್ದ ಮಾವಯ್ಯ ತಿರುಗಿದರು. ಎರಡು ಅಂಗೈ ತಾವಾಗಿ ಎಲೆಗೆ ಅಡ್ಡ ಬಂದವು.

“ಬ್ಯಾಡ, ಬ್ಯಾಡ,” ಅಂದರು. “ಅವಳ್ ಕೂಕಣ್ಕ್ ಈ ಎಲೆಗೆ.”

ಅಂದಮೇಲೆ ಅವರಿಗೆ ತಿಳಿಯಿತು. ಕೈ ಹಿಂದೆ ತೆಗೆಯಲಿಲ್ಲ. ಎಲೆಯ ಮೇಲೆ ಹಾಗೇ ಹಿಡಿದುಕೊಂಡು ತಲೆ ತಗ್ಗಿಸಿ ಕೂತರು. ಬಡಿಸುವವರು ಮುಂದೆ ಹೋದರು. ಒತ್ತಾಯ ಮಾಡುವುದನ್ನೇ ಧರ್ಮ ಎಂದುಕೊಂಡಿದ್ದ ಆ ಪಂಕ್ತಿಯಲ್ಲಿ ಅವತ್ತು ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ. ಏಳುವ ಮೊದಲು ಅವರು ಪಲ್ಯ, ಕೋಸಂಬರಿ, ಸ್ವಲ್ಪ ಅನ್ನ ಎಲ್ಲವನ್ನೂ ಎಲೆಯ ಮೇಲ್ಬದಿಗೆ ಸರಿಸಿಟ್ಟು ಎದ್ದರು. ಆ ಎಲೆಯನ್ನು ಎತ್ತಿ ಬಿಸಾಡಲು ನನ್ನಿಂದ ಆಗಲಿಲ್ಲ, ಬೇರೆ ಯಾರೋ ಎತ್ತಿದರು. ಮಾವಯ್ಯ ಅದಾದ ಮೇಲೂ ಕೆಲವು ಕಾಲ ಇದ್ದರು, ಬೆಳಿಗ್ಗೆ ಕಡಲಿಗೆ ಹೋಗಿ ಬರುತ್ತಿದ್ದರು, ಮೆಂತೆ ನೀರು ಕುಡಿಯುತ್ತಿದ್ದರು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಆ ಮನೆಯಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ನನ್ನ ಯಜಮಾನರು ಹೋದಾಗ ಕತ್ತಿ ಹಿಡಿದು ಯಾರೂ ಬರಲಿಲ್ಲ, ಕಾಲ ಬದಲಾಗಿತ್ತು. ನನ್ನ ನಾಲ್ಕು ಬಿಳಿ ಎಳೆಗಳನ್ನು ನಾನೇ ಬಾಚಿಕೊಳ್ಳುತ್ತೇನೆ. ಮೊಮ್ಮಗನ ಹೆಂಡತಿ ಅವನಿಗಿಂತ ಮೊದಲೇ ತನ್ನ ತಟ್ಟೆ ಹಾಕಿಕೊಂಡು ಬಿಸಿಬಿಸಿ ಉಂಡು ಆಫೀಸಿಗೆ ಹೋಗುತ್ತಾಳೆ, ನೋಡಿ ನನಗೆ ಹೊಟ್ಟೆ ತುಂಬುತ್ತದೆ. ಗಂಡನ ಎಲೆಯಲ್ಲಿ ಉಣ್ಣುವ ಆ ಪದ್ಧತಿ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಕೂತ ಆ ಮನುಷ್ಯ ಹೋದದ್ದಕ್ಕೆ ಇದೆ.